ದೆವ್ವವೋ ಕಾಯಿಲೆಯೋ ಎಂದು ಕೇಳುವ ಮೊದಲು

(ಮಂಗಳೂರಿನ ಒಂದು ಚರ್ಚಿನ ಸಭಾಂಗಣದಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯ ಹಿರಿಯರು, ಸಂಡೇ ಸ್ಕೂಲ್ ಟೀಚರುಗಳು, ಕೆಲವು ನರ್ಸ್‌ಗಳು ಬಂದಿದ್ದರು. ಕೊನೆಯ ಪ್ರಶ್ನೋತ್ತರವನ್ನು ಸ್ವಲ್ಪ ಮೊಟಕು ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

"ಮಾನಸಿಕ ಕಾಯಿಲೆಗೆ ಆತ್ಮಿಕ ಕಾರಣಗಳಿವೆಯೇ?" ಎಂದು ಆಮಂತ್ರಣದಲ್ಲಿ ಅಚ್ಚು ಹಾಕಿಸಿದ್ದೀರಿ. ಮನೆಗಳಲ್ಲಿ ಈ ಪ್ರಶ್ನೆ ಇಷ್ಟು ನಯವಾಗಿ ಬರುವುದಿಲ್ಲ. ಮಗ ಮೂರು ರಾತ್ರಿ ನಿದ್ದೆ ಮಾಡಿಲ್ಲ. ಯಾರೋ ಬೈಯುತ್ತಿದ್ದಾರೆ ಎಂದು ಕಿವಿ ಮುಚ್ಚಿಕೊಳ್ಳುತ್ತಾನೆ. ಊಟದಲ್ಲಿ ಏನೋ ಬೆರೆಸಿದ್ದೀರಿ ಎಂದು ತಟ್ಟೆ ತಳ್ಳುತ್ತಾನೆ. ಆಗ ತಾಯಿ ಫೋನ್ ಮಾಡಿ ಕೇಳುವುದು ಒಂದೇ ಮಾತು: "ಅಯ್ಯನವರೇ, ಇದು ದೆವ್ವನಾ, ಕಾಯಿಲೆನಾ?"

ಈ ಪ್ರಶ್ನೆಗೆ ನಗುವವರಿದ್ದಾರೆ. ನಾನು ನಗುವುದಿಲ್ಲ. ಮಾತ್ರೆ ಕೊಟ್ಟರೆ ಗುಣವಾಗುತ್ತದೆ ಎಂದು ಯಾರೂ ಹೇಳಿಕೊಡದ ಮನೆಯಲ್ಲಿ ಆ ತಾಯಿಗೆ ಇನ್ನೇನು ತೋಚಬೇಕು? ಆದರೆ ಪ್ರಶ್ನೆಯನ್ನು ಹೀಗೆ ಇಟ್ಟಾಗ ಒಂದು ತೊಂದರೆ ಇದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕು ಎಂದಾಗುತ್ತದೆ. ದೆವ್ವ ಎಂದರೆ ಆಸ್ಪತ್ರೆ ಬೇಡ, ಕಾಯಿಲೆ ಎಂದರೆ ಪ್ರಾರ್ಥನೆ ಬೇಡ. ಈ ಗೆರೆಯನ್ನು ಬೈಬಲ್ ಎಳೆದಿಲ್ಲ. ಹಳೆಯ ಸಭೆಯೂ ಎಳೆದಿರಲಿಲ್ಲ. ಎಳೆದವರು ಆಮೇಲಿನವರು, ಅದರಲ್ಲಿ ನಾವೂ ಸೇರಿದ್ದೇವೆ.

ಮೊದಲು ಬೈಬಲ್. ಮತ್ತಾಯನ ಸುವಾರ್ತೆ 4ನೇ ಅಧ್ಯಾಯದಲ್ಲಿ ಯೇಸುವಿನ ಹತ್ತಿರ ಕರೆತಂದವರ ಒಂದು ಪಟ್ಟಿ ಇದೆ. ದೆವ್ವ ಹಿಡಿದವರು, ಮೂರ್ಛೆರೋಗದವರು, ಪಾರ್ಶ್ವವಾಯು ಹೊಡೆದವರು. ಮೂರನ್ನೂ ಬೇರೆ ಬೇರೆಯಾಗಿ ಹೇಳಿದೆ. ಆ ಕಾಲದವರು ಎಲ್ಲ ಕಾಯಿಲೆಯನ್ನೂ ದೆವ್ವ ಅಂತಿದ್ದರು ಎಂಬ ಮಾತು ಅಷ್ಟು ಸರಿಯಲ್ಲ ಎಂದಾಯಿತು. ಆದರೆ ಮಾರ್ಕನ 9ನೇ ಅಧ್ಯಾಯಕ್ಕೆ ಬನ್ನಿ. ಅಲ್ಲೊಬ್ಬ ಹುಡುಗ ನೆಲಕ್ಕೆ ಬೀಳುತ್ತಾನೆ, ಬಾಯಲ್ಲಿ ನೊರೆ ಬರುತ್ತದೆ, ಹಲ್ಲು ಕಡಿಯುತ್ತಾನೆ, ಮೈ ಸೆಟೆದುಕೊಳ್ಳುತ್ತದೆ. ಇವತ್ತಿನ ಯಾವ ಡಾಕ್ಟರಾದರೂ ಇದನ್ನು ಫಿಟ್ಸ್ ಎನ್ನುತ್ತಾರೆ. ಸುವಾರ್ತೆ ಅಶುದ್ಧಾತ್ಮ ಎನ್ನುತ್ತದೆ. ಎರಡೂ ಒಂದೇ ಪುಸ್ತಕದಲ್ಲಿವೆ. ಇದನ್ನು ಸುಮ್ನೆ ಒಪ್ಪಿಕೊಳ್ಳೋಣ, ಹಿಂಜಿ ಹಿಂಜಿ ಸರಿಮಾಡಲು ಹೋಗುವುದು ಬೇಡ.

ನನಗೆ ಹೆಚ್ಚು ಹತ್ತಿರವಾದದ್ದು ಮಾರ್ಕನ 5ನೇ ಅಧ್ಯಾಯ. ಗೆರಸೇನರ ಸೀಮೆಯ ಆ ಮನುಷ್ಯ ಸಮಾಧಿಗಳ ನಡುವೆ ವಾಸ ಮಾಡುತ್ತಿದ್ದ. ಅವನಿಂದ ಹೊರಟ ದೆವ್ವಗಳು ಹೊಕ್ಕ ಹಂದಿಗಳ ಕಡೆಗೇ ನಾವು ಜಾಸ್ತಿ ನೋಡುತ್ತೇವೆ, ಅಲ್ವಾ? ಸರಪಳಿಯ ಕಡೆಗೆ ನೋಡುವುದಿಲ್ಲ. ಅವನನ್ನು ಎಷ್ಟೋ ಸಲ ಬೇಡಿ, ಸರಪಳಿ ಹಾಕಿ ಕಟ್ಟಿದ್ದರು ಎಂದಿದೆ. ಕಟ್ಟಿದ್ದು ಊರಿನವರು. ಯೇಸು ಅವನ ಹೆಸರು ಕೇಳಿದ. ಕೊನೆಯಲ್ಲಿ ಅವನು ಬಟ್ಟೆ ಹಾಕಿಕೊಂಡು, ಬುದ್ಧಿ ನೆಟ್ಟಗಾಗಿ ಕೂತಿದ್ದ. ನಿನ್ನ ಜೊತೆ ಬರುತ್ತೇನೆ ಎಂದಾಗ ಯೇಸು ಬೇಡ ಎಂದು ಮನೆಗೆ, ಅವನ ಜನರ ಹತ್ತಿರಕ್ಕೇ ಕಳಿಸಿದ. ಊರಿನವರಿಗೆ ಅವನು ಹುಚ್ಚನಾಗಿದ್ದಾಗ ಇಲ್ಲದ ಭಯ ಗುಣವಾದ ಮೇಲೆ ಬಂತು. ದಯವಿಟ್ಟು ಇಲ್ಲಿಂದ ಹೋಗಿಬಿಡು ಎಂದು ಯೇಸುವನ್ನೇ ಬೇಡಿಕೊಂಡರು. ಆಸ್ಪತ್ರೆಯಿಂದ ಗುಣವಾಗಿ ಬಂದವನಿಗೆ ಬಾಡಿಗೆ ಮನೆ ಸಿಗದ, ಹೆಣ್ಣು ಸಿಗದ ಊರುಗಳು ನಮಗೇನು ಹೊಸದಲ್ಲ.

ಇನ್ನೊಂದು, ಅರಸುಗಳು ಮೊದಲನೇ ಭಾಗದ 19ನೇ ಅಧ್ಯಾಯ. ಎಲೀಯ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಕೋ ಎನ್ನುತ್ತಾನೆ. ದೇವದೂತ ಬಂದವನು ಬೈಯಲಿಲ್ಲ, ನಿನ್ನ ನಂಬಿಕೆ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಮುಟ್ಟಿ ಎಬ್ಬಿಸಿ ಊಟ ಮಾಡು ಎಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೇ ಸಲವೂ ಅದನ್ನೇ ಮಾಡಿದ. ದೇವರ ಮಾತು ಬರುವುದು ಅದೆಲ್ಲ ಆದ ಮೇಲೆ, ನಿದ್ದೆ, ಊಟ, ನಡಿಗೆ ಎಲ್ಲ ಮುಗಿದ ಮೇಲೆ. ಪ್ರವಾದಿಗೇ ಹಾಗಾದರೆ ನಮ್ಮ ಸಭೆಯ ಡಿಗ್ರಿ ಹುಡುಗಿಗೆ ಆಗಬಾರದಾ?

ಇಸ್ರಾಯೇಲಿನ ಅರಸ ಸೌಲನ ಕಥೆಯನ್ನು ಯಾರಾದರೂ ಎತ್ತುತ್ತೀರಿ, ಗೊತ್ತು. ದೇವರ ಕಡೆಯಿಂದ ದುರಾತ್ಮ ಬಂತು ಎಂದಿದೆ. ಅದು ನುಂಗಲು ಕಷ್ಟದ ವಾಕ್ಯ. ನಾನಂತೂ ಅದನ್ನು ಹಿಡಿದುಕೊಂಡು ಯಾರ ಮನೆಗೂ ಹೋಗುವುದಿಲ್ಲ.

ಇನ್ನು ಸಭೆಯ ಚರಿತ್ರೆ. 1614ರಲ್ಲಿ ರೋಮಿನ ಕಥೋಲಿಕ ಸಭೆ ತನ್ನ ವಿಧಿಗಳ ಪುಸ್ತಕ ಹೊರತಂದಿತು. ದೆವ್ವ ಬಿಡಿಸುವ ವಿಧಿಯೂ ಅದರಲ್ಲಿತ್ತು. ಅಲ್ಲಿ ಗುರುಗಳಿಗೆ ಕೊಟ್ಟ ಮೊದಲ ಸೂಚನೆ ಏನು ಗೊತ್ತಾ? ಒಬ್ಬನಿಗೆ ದೆವ್ವ ಹಿಡಿದಿದೆ ಎಂದು ಸುಲಭವಾಗಿ ನಂಬಬೇಡ. ಕಪ್ಪು ಪಿತ್ತದಿಂದಲೋ ಬೇರೆ ಕಾಯಿಲೆಯಿಂದಲೋ ನರಳುವವರಿಂದ ಅವನನ್ನು ಬೇರ್ಪಡಿಸಿ ನೋಡು. ಆಗಿನ ವೈದ್ಯಶಾಸ್ತ್ರದಲ್ಲಿ ಮನಸ್ಸು ಕುಗ್ಗುವುದಕ್ಕೆ ಕಪ್ಪು ಪಿತ್ತವೇ ಕಾರಣ. ಇನ್ನೊಂದು ಸೂಚನೆ: ಔಷಧಿ ಕೊಡುವುದು, ಇಂಥದ್ದು ತೆಗೆದುಕೋ ಎನ್ನುವುದು ನಿನ್ನ ಕೆಲಸ ಅಲ್ಲ, ಅದನ್ನು ವೈದ್ಯರಿಗೆ ಬಿಡು. ಮಾಟಗಾತಿ ಎಂದು ಹೆಂಗಸರನ್ನು ಯುರೋಪಿನಲ್ಲಿ ಸುಡುತ್ತಿದ್ದ ಕಾಲ ಅದು, ನೆನಪಿರಲಿ. ಅಂಥ ಕಾಲದಲ್ಲೂ ಪುಸ್ತಕದಲ್ಲಿ ಇಷ್ಟು ಎಚ್ಚರ ಇತ್ತು. ಪುಸ್ತಕದಲ್ಲಿ ಇದ್ದದ್ದು ಮನೆಯಲ್ಲಿ ನಡೆಯಿತಾ ಎಂದರೆ, ಎಲ್ಲ ಕಡೆ ಇಲ್ಲ.

ಹೇಗೆ ಇಲ್ಲ ಎಂಬುದಕ್ಕೆ ನಮ್ಮ ಕಾಲದ್ದೇ ಒಂದು ಸಂಗತಿ. ಜರ್ಮನಿಯ ಬವೇರಿಯಾದಲ್ಲಿ ಒಬ್ಬ ಕಾಲೇಜು ಹುಡುಗಿಗೆ ಮೊದಲು ಫಿಟ್ಸ್ ಬಂತು, ಆಮೇಲೆ ದೆವ್ವದ ಮುಖ ಕಾಣುವುದು, ಧ್ವನಿ ಕೇಳುವುದು ಶುರುವಾಯಿತು. ವರ್ಷಗಟ್ಟಲೆ ಮಾತ್ರೆ ತೆಗೆದುಕೊಂಡಳು, ಪೂರ್ತಿ ಗುಣವಾಗಲಿಲ್ಲ. ಬಿಷಪ್ಪರ ಅನುಮತಿ ಪಡೆದು ಇಬ್ಬರು ಗುರುಗಳು 1975ರಿಂದ ಹತ್ತು ತಿಂಗಳು, 67 ಸಲ ದೆವ್ವ ಬಿಡಿಸುವ ವಿಧಿ ನಡೆಸಿದರು. ಹುಡುಗಿ ಊಟ ಬಿಟ್ಟಳು. 1976ರ ಜುಲೈ 1ರಂದು ತೀರಿಕೊಂಡಾಗ 23 ವರ್ಷ, ತೂಕ ಸುಮಾರು 30 ಕಿಲೋ. 1978ರಲ್ಲಿ ಕೋರ್ಟು ತಂದೆ ತಾಯಿಯನ್ನೂ ಇಬ್ಬರು ಗುರುಗಳನ್ನೂ ತಪ್ಪಿತಸ್ಥರು ಎಂದಿತು. ಆ ಹುಡುಗಿಯನ್ನು ಯಾರೂ ದ್ವೇಷ ಮಾಡಿರಲಿಲ್ಲ. ಎಲ್ಲರೂ ಅವಳಿಗಾಗಿ ಅತ್ತವರೇ. ಪ್ರಾರ್ಥನೆ ಅವಳನ್ನು ಕೊಲ್ಲಲಿಲ್ಲ. ಪ್ರಾರ್ಥನೆ ನಡೆಯುತ್ತಿದೆಯಲ್ಲ ಎಂದು ಡಾಕ್ಟರನ್ನು ಕರೆಯದೆ ಇದ್ದದ್ದು ಕೊಂದಿತು. 1999ರಲ್ಲಿ ರೋಮ್ ಆ ಹಳೆಯ ವಿಧಿಯನ್ನು ತಿದ್ದಿದಾಗ ವೈದ್ಯರ ಅಭಿಪ್ರಾಯಕ್ಕೂ ಅದರಲ್ಲಿ ಜಾಗ ಕೊಟ್ಟಿತು.

ಈಗ ಬೆಲ್ಜಿಯಂನ ಗೀಲ್ ಎಂಬ ಊರಿಗೆ ಹೋಗೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಥೆ ಹೀಗೆ: ಐರ್ಲೆಂಡಿನ ಒಬ್ಬ ರಾಜ ಹೆಂಡತಿ ಸತ್ತ ದುಃಖದಲ್ಲಿ ಬುದ್ಧಿ ಕೆಟ್ಟು ಸ್ವಂತ ಮಗಳನ್ನೇ ಮದುವೆಯಾಗಲು ಹೊರಟ. ಮಗಳು ಡಿಂಫ್ನಾ ಸಮುದ್ರ ದಾಟಿ ಗೀಲ್‌ಗೆ ಓಡಿಬಂದಳು. ಬೆನ್ನಟ್ಟಿ ಬಂದ ತಂದೆ ಅವಳ ತಲೆ ಕತ್ತರಿಸಿದ. ಹುಚ್ಚನಿಂದ ಸತ್ತವಳು ಹುಚ್ಚರನ್ನು ಕಾಯುವ ಸಂತಳಾದಳು. ಅವಳ ಚರ್ಚಿಗೆ ದೂರದೂರದಿಂದ ಬುದ್ಧಿಭ್ರಮಣೆಯಾದವರನ್ನು ಕರೆತರುತ್ತಿದ್ದರು. ಚರ್ಚಿಗೇ ಅಂಟಿಕೊಂಡಂತೆ ಒಂದು ರೋಗಿಗಳ ಕೋಣೆ. ಅಲ್ಲಿ ಒಂಬತ್ತು ದಿನದ ವ್ರತ, ಪ್ರಾರ್ಥನೆ, ಸಂತಳ ಅವಶೇಷ ಇಟ್ಟ ಪೆಟ್ಟಿಗೆಯ ಕೆಳಗೆ ತೆವಳುವುದು. ಆತ್ಮಿಕ ಕಾರಣ, ಆತ್ಮಿಕ ಪರಿಹಾರ. ಅಲ್ಲಿಯವರೆಗೆ ಇದು ನಮಗೂ ಗೊತ್ತಿರುವಂಥ ಕಥೆಯೇ.

ಜನ ಜಾಸ್ತಿಯಾಗಿ ಕೋಣೆ ಸಾಲದೆ ಹೋಯಿತು. ಒಂಬತ್ತು ದಿನದಲ್ಲಿ ಗುಣವಾಗದವರನ್ನು ಏನು ಮಾಡುವುದು? ಊರಿನ ರೈತರು ಮನೆಗೆ ಕರೆದುಕೊಂಡು ಹೋದರು. ಅವರ ಜೊತೆಗೇ ಊಟ, ಹಸು ಮೇಯಿಸುವುದು, ಮಕ್ಕಳನ್ನು ನೋಡಿಕೊಳ್ಳುವುದು. ಒಂದು ತಲೆಮಾರಲ್ಲ, ನೂರಾರು ವರ್ಷ. ತಾತನ ಕಾಲದಲ್ಲಿ ಬಂದವರು ಮೊಮ್ಮಗನ ಕಾಲಕ್ಕೂ ಅದೇ ಮನೆಯಲ್ಲಿ. 19ನೇ ಶತಮಾನದಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು, ವೈದ್ಯರು ಬಂದರು, ಸಣ್ಣ ಆಸ್ಪತ್ರೆ ಆಯಿತು. 1930ರ ದಶಕದ ಕೊನೆಗೆ ಆ ಒಂದು ಊರಿನ ಮನೆಗಳಲ್ಲಿ 3,700ಕ್ಕೂ ಹೆಚ್ಚು ರೋಗಿಗಳು ಇದ್ದರು. ಇವತ್ತು ಸಂಖ್ಯೆ ಬಹಳ ಕಡಿಮೆಯಾಗಿದೆ, ಪದ್ಧತಿ ನಿಂತಿಲ್ಲ.

ಎಲ್ಲ ಪುಣ್ಯಕಾರ್ಯ ಎಂದು ತಿಳಿಯಬೇಡಿ. ರೈತರಿಗೆ ದುಡಿಯುವ ಕೈ ಸಿಗುತ್ತಿತ್ತು, ಖರ್ಚಿಗೆ ಹಣವೂ ಬರುತ್ತಿತ್ತು. ಆದರೂ ನೋಡಿ, ಗೀಲ್‌ನವರ ರೋಗದ ವಿವರಣೆ ಇವತ್ತಿನ ಲೆಕ್ಕದಲ್ಲಿ ತಪ್ಪು. ನಡತೆ ಮಾತ್ರ ಸರಿ. ಅದೇ ಕಾಲದಲ್ಲಿ ವಿವರಣೆ ಹೆಚ್ಚು ವೈಜ್ಞಾನಿಕವಾಗಿದ್ದ ಎಷ್ಟೋ ಹುಚ್ಚಾಸ್ಪತ್ರೆಗಳಲ್ಲಿ ಗೋಡೆಗೆ ಸರಪಳಿ ಇತ್ತು. ಇಂಗ್ಲೆಂಡಿನ ಯಾರ್ಕ್ ಊರಿನ ಆಸ್ಪತ್ರೆಯಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ಒಬ್ಬ ಹೆಂಗಸು 1790ರಲ್ಲಿ ಸತ್ತಳು. ಸಂಗಡಿಗರನ್ನು ನೋಡಲು ಒಳಗೆ ಬಿಟ್ಟಿರಲಿಲ್ಲ. ಆ ನೋವಿನಿಂದಲೇ ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿ ಮುಂದೆ ನಿಂತು 1796ರಲ್ಲಿ ಅಲ್ಲೇ ಸರಪಳಿ ಇಲ್ಲದ ಇನ್ನೊಂದು ಮನೆ ತೆರೆಸಿದ. ತೋಟ, ಕೆಲಸ, ಒಳ್ಳೆಯ ಊಟ, ಮರ್ಯಾದೆಯ ಮಾತು. ಹಾಗಾಗಿ ನಾನು ಈಗ ವಿವರಣೆಯನ್ನು ಕಡೆಗೆ ನೋಡುತ್ತೇನೆ. ಆ ವಿವರಣೆ ಹಿಡಿದುಕೊಂಡು ರೋಗಿಗೆ ಏನು ಮಾಡುತ್ತೀರಿ ಎಂಬುದನ್ನು ಮೊದಲು ನೋಡುತ್ತೇನೆ.

ಮುಂದಿನ ಕಥೆಗೂ ನಮ್ಮ ಊರಿಗೂ ನಂಟಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಹಂಚಿನ ಕಾರ್ಖಾನೆ, ನೇಯ್ಗೆ, ಅಚ್ಚುಕೂಟ, 1843ರಲ್ಲಿ 'ಮಂಗಳೂರ ಸಮಾಚಾರ' ಎಲ್ಲ ನಿಮಗೆ ಗೊತ್ತೇ ಇದೆ. ಆ ಮಿಶನ್ನಿನ ಮೊದಲ ಮುಖ್ಯಸ್ಥರು ಬ್ಲೂಮ್‌ಹಾರ್ಟ್ ಎಂಬವರು. ಅವರ ಅಣ್ಣನೋ ತಮ್ಮನೋ ಒಬ್ಬರ ಮಗ ಯೋಹಾನ್ ಕ್ರಿಸ್ಟೋಫ್ ಬ್ಲೂಮ್‌ಹಾರ್ಟ್ ಬಾಸೆಲ್‌ನಲ್ಲಿ ಮಿಶನರಿಗಳಿಗೆ ಪಾಠ ಹೇಳಿ, ಆಮೇಲೆ ಜರ್ಮನಿಯ ಮ್ಯೋಟ್ಲಿಂಗನ್ ಎಂಬ ಹಳ್ಳಿಯ ಸಭಾಪಾಲಕರಾದರು. ಅಲ್ಲಿ ಗಾಟ್ಲೀಬಿನ್ ಡಿಟ್ಟಸ್ ಎಂಬ ಹೆಣ್ಣುಮಗಳಿಗೆ ಸೆಳವು, ಬೇರೆ ಬೇರೆ ಧ್ವನಿ, ಮನೆಯಲ್ಲಿ ರಾತ್ರಿ ಸದ್ದು. ಬ್ಲೂಮ್‌ಹಾರ್ಟ್ ಸುಮಾರು ಎರಡು ವರ್ಷ ಅವಳಿಗಾಗಿ ಪ್ರಾರ್ಥಿಸಿದರು. 1843ರ ಡಿಸೆಂಬರಿನಲ್ಲಿ ಬಿಡುಗಡೆ ಆಯಿತು ಎಂದು ಬರೆದರು.

ಏನಾಗಿತ್ತು ಅವಳಿಗೆ? ಇಷ್ಟು ದೂರದಿಂದ ರೋಗ ಕಂಡುಹಿಡಿಯುವ ಆಟ ನನಗೆ ಇಷ್ಟವಿಲ್ಲ. ನಾನು ನೋಡುವುದು ಅವರು ನಡೆದುಕೊಂಡ ರೀತಿ. ಅವರು ಅವಳ ಮನೆಗೆ ಒಬ್ಬರೇ ಹೋಗುತ್ತಿರಲಿಲ್ಲ, ಊರ ಮುಖ್ಯಸ್ಥರನ್ನು ಜೊತೆಗೆ ಕರೆದುಕೊಂಡೇ ಹೋಗುತ್ತಿದ್ದರು. ಹೊಡೆಯಲಿಲ್ಲ, ಕಟ್ಟಲಿಲ್ಲ. ಗುಣವಾದ ಮೇಲೆ ಅವಳನ್ನು ವೇದಿಕೆಗೆ ಹತ್ತಿಸಿ ಊರೂರು ತಿರುಗಿಸಲಿಲ್ಲ. ಅವಳು ಅವರ ಮನೆಯವಳೇ ಆಗಿ ಉಳಿದಳು. ಮುಂದೆ ಅವರು ಬಾಡ್ ಬೋಲ್ ಎಂಬಲ್ಲಿ ನೊಂದವರಿಗಾಗಿ ದೊಡ್ಡ ಮನೆ ಮಾಡಿದಾಗ ಅಲ್ಲಿಗೂ ಹೋಗಿ, ಬೇರೆ ರೋಗಿಗಳನ್ನು ನೋಡಿಕೊಂಡಳು.

ಅದೇ ಬಾಡ್ ಬೋಲ್‌ಗೆ 1892ರಲ್ಲಿ ಒಬ್ಬ ಹುಡುಗನನ್ನು ಕರೆತಂದರು. ಆಗ ಅದನ್ನು ನಡೆಸುತ್ತಿದ್ದವರು ಬ್ಲೂಮ್‌ಹಾರ್ಟರ ಮಗ. ಈ ಹುಡುಗನ ಅಜ್ಜ ತಲಶ್ಶೇರಿಯಲ್ಲಿದ್ದು ಮಲಯಾಳಂ ನಿಘಂಟು ಮಾಡಿದ ಬಾಸೆಲ್ ಮಿಶನರಿ ಹರ್ಮನ್ ಗುಂಡರ್ಟ್. ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಹುಡುಗ ಹರ್ಮನ್ ಹೆಸ್ಸೆ, ಮುಂದೆ 1946ರಲ್ಲಿ ನೊಬೆಲ್ ಪಡೆದ ಲೇಖಕ. ಆಗ ಅವನಿಗೆ 15 ತುಂಬಿರಲಿಲ್ಲ. ಸೆಮಿನರಿ ಶಾಲೆಯಿಂದ ಓಡಿಹೋಗಿದ್ದ, ತಲೆನೋವು, ನಿದ್ದೆ ಇಲ್ಲ. ದೈವಭಕ್ತ ತಂದೆ ತಾಯಿ ಪ್ರಾರ್ಥನೆಯಿಂದ ಸರಿಹೋಗಲಿ ಎಂದು ಅಲ್ಲಿಗೆ ಸೇರಿಸಿದರು. ಕೆಲವೇ ವಾರಗಳಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸಿದ. ಅಲ್ಲಿಂದ ಅವನನ್ನು ಸ್ಟೆಟ್ಟನ್ ಎಂಬಲ್ಲಿನ ಮಾನಸಿಕ ರೋಗಿಗಳ ಆಶ್ರಯಕ್ಕೆ ಕಳಿಸಿದರು. ಅಲ್ಲಿಂದ ಅವನು ತಂದೆಗೆ ಬರೆದ ಕಾಗದಗಳು ಉಳಿದಿವೆ. ಓದಿದರೆ ಮೈ ಉರಿಯುತ್ತದೆ, ಅಷ್ಟು ಸಿಟ್ಟು. ಗಾಟ್ಲೀಬಿನ್ ಎಂಬವಳಿಗೆ ಮನೆಯಾದ ಆ ಪರಂಪರೆ ಈ ಹುಡುಗನಿಗೆ ಆಗಲಿಲ್ಲ. 1916ರಲ್ಲಿ ಮತ್ತೆ ಕುಸಿದಾಗ ಹೆಸ್ಸೆ ಮನೋವಿಶ್ಲೇಷಣೆಯ ವೈದ್ಯರ ಹತ್ತಿರ ಹೋದರು. ಒಂದು ಕಡೆ ಪ್ರಾರ್ಥನೆ ಫಲಿಸಿತು ಎಂದು ಎಲ್ಲರಿಗೂ ಅದೇ ಬೀಗದ ಕೈ ಹಾಕಬಾರದು.

ಇನ್ನು ಅಮೆರಿಕದ ವಿಷಯ, ಬೇಗ ಮುಗಿಸುತ್ತೇನೆ. ಅಲ್ಲಿ ದೆವ್ವದ ಜಾಗಕ್ಕೆ ಪಾಪ ಬಂತು. 1970ರ ಸುಮಾರಿಗೆ ಜೇ ಆಡಮ್ಸ್ ಎಂಬ ಪಾದ್ರಿ, ಮೆದುಳಿನ ದೋಷವೇ ಇದ್ದರೆ ಸರಿ, ಇಲ್ಲದಿದ್ದರೆ ಮಾನಸಿಕ ಕಾಯಿಲೆ ಎನ್ನುವುದರ ಬೇರು ಪಾಪದಲ್ಲಿದೆ, ಬೈಬಲ್ ತೋರಿಸಿ ಎಚ್ಚರಿಸಿದರೆ ಸಾಕು ಎಂಬ ವಾದ ಮುಂದಿಟ್ಟರು. ಆ ವಾದದ ಗಾಳಿ ನಮ್ಮ ಬೈಬಲ್ ಕಾಲೇಜುಗಳಿಗೂ ಬೀಸಿದೆ. 2013ರಲ್ಲಿ ಲೈಫ್‌ವೇ ರಿಸರ್ಚ್ ಎಂಬ ಸಮೀಕ್ಷಾ ಸಂಸ್ಥೆ ಕೇಳಿದಾಗ ಅಮೆರಿಕದ ಇವಾಂಜೆಲಿಕಲ್ ಕ್ರೈಸ್ತರಲ್ಲಿ 48% ಜನ, ಗಂಭೀರ ಮಾನಸಿಕ ಕಾಯಿಲೆಯನ್ನು ಪ್ರಾರ್ಥನೆ ಮತ್ತು ಬೈಬಲ್ ಓದಿನಿಂದಲೇ ಗೆಲ್ಲಬಹುದು ಎಂದರು. ನನ್ನ ಅಭಿಪ್ರಾಯ ಕೇಳಿದರೆ, ದೆವ್ವದ ವಿವರಣೆಗಿಂತ ಪಾಪದ ವಿವರಣೆ ಹೆಚ್ಚು ಕ್ರೂರ. ದೆವ್ವ ಎಂದಾಗ ತಪ್ಪು ಹೊರಗಿನದ್ದು. ಪಾಪ ಎಂದಾಗ, ಮೊದಲೇ ತನ್ನನ್ನು ತಾನೇ ಬೈದುಕೊಳ್ಳುತ್ತಿರುವ ಖಿನ್ನತೆಯ ರೋಗಿಯ ಕೈಗೆ ಇನ್ನೊಂದು ಕೋಲು ಕೊಟ್ಟಂತೆ. ಈ ಕುರುಡ ಯಾರ ಪಾಪದಿಂದ ಹೀಗೆ ಹುಟ್ಟಿದ, ಅವನದೋ ತಂದೆ ತಾಯಿಯದೋ ಎಂದು ಶಿಷ್ಯರು ಕೇಳಿದ್ದಕ್ಕೆ ಯೋಹಾನನ 9ನೇ ಅಧ್ಯಾಯದಲ್ಲಿ ಉತ್ತರ ಇದೆ. ಇಬ್ಬರದ್ದೂ ಅಲ್ಲ.

ವಿಲಿಯಂ ಕೌಪರ್ ಎಂಬ ಕವಿಯ ಇಂಗ್ಲಿಷ್ ಭಕ್ತಿಗೀತೆಗಳನ್ನು ನಾವು ಈಗಲೂ ಹಾಡುತ್ತೇವೆ. 1773ರಲ್ಲಿ, ದೇವರು ತನ್ನನ್ನು ಕೈಬಿಟ್ಟಿದ್ದಾನೆ ಎಂದು ಅವನಿಗೆ ಖಚಿತವಾಯಿತು. 1800ರಲ್ಲಿ ಸಾಯುವವರೆಗೂ ಆ ಭಯ ಪೂರ್ತಿ ಹೋಗಲಿಲ್ಲ. ನಂಬಿಕೆ ಸಾಲದೆ ಹಾಗಾಯಿತು ಎನ್ನುವವರು ಯಾರಾದರೂ ಇದ್ದೀರಾ? ಸಭಾಪಾಲಕ ಜಾನ್ ನ್ಯೂಟನ್ ಅವನನ್ನು ತನ್ನ ಮನೆಯಲ್ಲೇ ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡ. ಅವನ ಭಯವನ್ನು ಓಡಿಸಲು ಆಗಲಿಲ್ಲ. ಅವನನ್ನಂತೂ ಮನೆಯಿಂದ ಓಡಿಸಲಿಲ್ಲ.

ನಮ್ಮ ದೇಶದಲ್ಲೂ ಎರಡನ್ನೂ ಜೊತೆಗೆ ಹಿಡಿದವರಿದ್ದಾರೆ. ಮೆಥಡಿಸ್ಟ್ ಮಿಶನರಿ ಇ. ಸ್ಟ್ಯಾನ್ಲಿ ಜೋನ್ಸ್ ಇಂಡಿಯಾಕ್ಕೆ ಬಂದ ಮೊದಲ ವರ್ಷಗಳಲ್ಲೇ ಮನಸ್ಸು ಕುಸಿದು ಮತ್ತೆ ಮತ್ತೆ ಹಾಸಿಗೆ ಹಿಡಿದವರು. ಲಖನೌದ ಒಂದು ರಾತ್ರಿಯ ಪ್ರಾರ್ಥನೆಯಲ್ಲಿ ನೆಮ್ಮದಿ ಸಿಕ್ಕಿತು ಎಂದು ಹೇಳಿಕೊಂಡವರೂ ಅವರೇ. ಹಾಗಾದರೆ ಅವರು ಏನು ಕಟ್ಟಿಸಬೇಕಿತ್ತು? ಪ್ರಾರ್ಥನಾ ಮಂದಿರ, ಅಲ್ವಾ? 1950ರಲ್ಲಿ ಅದೇ ಲಖನೌದಲ್ಲಿ ನೂರ್ ಮಂಜಿಲ್ ಎಂಬ ಮನೋರೋಗ ಆಸ್ಪತ್ರೆ ತೆರೆದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ (ಸಿ.ಎಂ.ಸಿ.) ಮಾನಸಿಕ ವಿಭಾಗ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡು ಚಿಕಿತ್ಸೆ ಕೊಡುವುದಕ್ಕೇ ಹೆಸರಾಗಿದೆ.

ಈಗ ನಮ್ಮ ಸಭೆಗಳ ವಿಷಯ. ಸಾಕ್ಷಿ ಹೇಳುವ ಹೊತ್ತಿನಲ್ಲಿ ಒಬ್ಬರು ಎದ್ದು, "ಪ್ರೈಸ್ ದ ಲಾರ್ಡ್, ಮಾತ್ರೆ ಎಲ್ಲ ಬಿಸಾಕಿದೆ, ಈಗ ಆರಾಮಾಗಿದ್ದೇನೆ" ಎನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ. ಇಲ್ಲದ ಧ್ವನಿ ಕೇಳಿಸುವ ಸ್ಕಿಜೋಫ್ರೇನಿಯಾ ಕಾಯಿಲೆಯ ಮಾತ್ರೆಯಿಂದ ಮಂಪರು, ಕೈ ನಡುಕ, ತೂಕ ಹೆಚ್ಚುವುದು ಇರುತ್ತದೆ. ಬಿಟ್ಟ ಮೇಲೆ ಮಂಪರು, ನಡುಕ ಕಡಿಮೆಯಾಗಿ ಮೈ ಹಗುರಾಗುತ್ತದೆ. ಕಾಯಿಲೆ ಮಾತ್ರ ಮರುದಿನವೇ ಮರಳುವುದಿಲ್ಲ. ವಾರಗಳು, ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಸಾಕ್ಷಿ ಹೇಳುವುದು ಆ ನಡುವಿನ ಒಳ್ಳೆಯ ದಿನಗಳಲ್ಲಿ. ಮತ್ತೆ ಧ್ವನಿ ಕೇಳತೊಡಗಿದಾಗ ಅವರು ಸಭೆಗೆ ಬರುವುದಿಲ್ಲ, ನಾಚಿಕೆ. ಆ ಎರಡನೇ ಸಾಕ್ಷಿ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಪಾಸ್ಟರುಗಳಲ್ಲಿ ನನ್ನದೊಂದು ವಿನಂತಿ, ಮಾತ್ರೆ ಬಿಟ್ಟ ಸಾಕ್ಷಿಗೆ ಮೈಕ್ ಕೊಡಬೇಡಿ. ಮಾತ್ರೆ ನುಂಗುತ್ತಾ ಭಾನುವಾರ ಕ್ವಾಯರಿನಲ್ಲಿ ಹಾಡುವವರಿದ್ದಾರೆ, ಅವರಿಗೆ ಇಷ್ಟವಿದ್ದರೆ ಕೊಡಿ.

ಕಾನೂನಿನ ಬಗ್ಗೆ ಎರಡೇ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ಯಾವ ರೀತಿಯಲ್ಲೂ ಒಪ್ಪುವುದಿಲ್ಲ. ಅದೇ ಕಾಯ್ದೆಯಲ್ಲಿ ನಮ್ಮ ಪರವಾಗಿಯೂ ಒಂದು ಮಾತಿದೆ. ಸುತ್ತಲಿನ ಸಮಾಜದ ಧಾರ್ಮಿಕ ನಂಬಿಕೆಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎನ್ನುವಂತಿಲ್ಲ. ಆತ್ಮಾವೇಶದಲ್ಲಿ ಯಾರಿಗೂ ತಿಳಿಯದ ಅನ್ಯಭಾಷೆಯಲ್ಲಿ ಪ್ರಾರ್ಥಿಸುವ ಅಜ್ಜಿಯನ್ನು ಯಾವ ಡಾಕ್ಟರೂ ಅಷ್ಟಕ್ಕೇ ವಾರ್ಡಿಗೆ ಹಾಕುವಂತಿಲ್ಲ. ಅಜ್ಜಿ ನಿಶ್ಚಿಂತೆಯಿಂದ ಇರಲಿ.

ಪ್ರಶ್ನೋತ್ತರದಲ್ಲಿ ಮೊದಲು ಬಂದದ್ದು ನಾನು ಕಾಯುತ್ತಿದ್ದ ಪ್ರಶ್ನೆಯೇ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ಹಾಗಾದರೆ ನೀವು ದೆವ್ವವನ್ನೇ ನಂಬುವುದಿಲ್ಲವಾ?" ಎಂದರು. ಕೆಡುಕಿನ ಶಕ್ತಿ ಇದೆ ಎಂದು ನಂಬುತ್ತೇನೆ ಸಾರ್ ಎಂದೆ. ಆದರೆ ನಿಮ್ಮ ಮಗಳಲ್ಲಿ ಇರುವುದು ಅದೇ ಎಂದು ನಾನು ಹೇಳಬೇಕಾದರೆ ಅದಕ್ಕೂ ಮೊದಲು ರಕ್ತಪರೀಕ್ಷೆ ಆಗಿರಬೇಕು, ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇ.ಇ.ಜಿ. ಆಗಿರಬೇಕು. 2007ರಲ್ಲಿ ಜೋಸೆಪ್ ಡಾಲ್ಮಾವ್ ಎಂಬ ವೈದ್ಯರ ತಂಡ ಒಂದು ಮೆದುಳಿನ ಉರಿಯೂತವನ್ನು ಗುರುತಿಸಿತು. ಹೆಚ್ಚಾಗಿ ಹರೆಯದ ಹುಡುಗಿಯರಲ್ಲಿ. ಇದ್ದಕ್ಕಿದ್ದಂತೆ ಕಿರುಚುವುದು, ಬಾಯಿ ಮುಖ ವಿಚಿತ್ರವಾಗಿ ತಿರುಚುವುದು, ಸೆಳವು. ನೋಡಿದವರಿಗೆ ದೆವ್ವವೇ. ದೇಹ ತನ್ನ ಮೆದುಳಿನ ಮೇಲೆ ತಾನೇ ತಿರುಗಿ ಬಿದ್ದಿರುತ್ತದೆ, ಎಷ್ಟೋ ಸಲ ಅಂಡಾಶಯದ ಗೆಡ್ಡೆಯಿಂದ. ಬೇಗ ಹಿಡಿದರೆ ಹೆಚ್ಚಿನವರು ಗುಣವಾಗುತ್ತಾರೆ. ಉಪವಾಸ ಪ್ರಾರ್ಥನೆ ಎಂದು 40 ದಿನ ಕಳೆದರೆ ಏನಾಗಬಹುದು, ಯೋಚಿಸಿ. ಅವರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಒಬ್ಬ ನರ್ಸ್, ವಾರ್ಡಿಗೆ ಮನೆಯವರು ಅಭಿಷೇಕದ ಎಣ್ಣೆ ತಂದರೆ ಬಿಡಬಹುದಾ ಎಂದು ಕೇಳಿದರು. ರೋಗಿಗೆ ಬೇಕಿದ್ದರೆ ಖಂಡಿತ ಬಿಡಿ ಸಿಸ್ಟರ್. ಹಣೆಗೆ ಹಚ್ಚಲಿ. ಕುಡಿಸಬಾರದು, ಮಾತ್ರೆಯ ಹೊತ್ತು ತಪ್ಪಬಾರದು, ರೋಗಿ ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಯಾಕೋಬನ ಪತ್ರದಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಿ ಎಂದಿದೆ, ಹಿಡಿದು ಅಲುಗಾಡಿಸಿ ಎಂದಿಲ್ಲ.

ಕೊನೆಗೆ ಒಬ್ಬ ಯುವ ಪಾಸ್ಟರ್ ನೇರವಾಗಿ ಕೇಳಿದರು: "ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ, ಹುಡುಗ ಗಲಾಟೆ ಮಾಡ್ತಿದ್ದಾನೆ ಅಂತಾರೆ. ನಾನು ಏನು ಮಾಡಲಿ?" ಹೋಗಿ. ಒಬ್ಬರೇ ಹೋಗಬೇಡಿ. ಹತ್ತು ಜನರನ್ನೂ ಕರೆದುಕೊಂಡು ಹೋಗಬೇಡಿ. ಹುಡುಗ ಊಟ ಮಾಡಿ, ನಿದ್ದೆ ಮಾಡಿ ಎಷ್ಟು ದಿನವಾಯಿತು ಎಂದು ಕೇಳಿ. ಮೊದಲು ಮಾತ್ರೆ ಇತ್ತಾ, ಯಾವಾಗ ಬಿಟ್ಟ ಎಂದು ಕೇಳಿ. ಸಾಯುವ ಮಾತು ಆಡಿದನಾ ಎಂದು ಮುಚ್ಚುಮರೆ ಇಲ್ಲದೆ ಕೇಳಿ, ಕೇಳಿದರೆ ಆ ಯೋಚನೆ ಬರುತ್ತದೆ ಎಂಬ ಭಯ ಬೇಡ. ಕಿರುಚಿ ಪ್ರಾರ್ಥಿಸಬೇಡಿ, ಅವನ ಕಿವಿಯಲ್ಲಿ ಆಗಲೇ ಬೇಕಾದಷ್ಟು ಗದ್ದಲ ಇದೆ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ತನಗೋ ಬೇರೆಯವರಿಗೋ ಅಪಾಯ ಮಾಡುವ ಹಾಗಿದ್ದರೆ ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಾಯಿ ಅಂಬುಲೆನ್ಸ್ ಹತ್ತುವಾಗ ನೀವೂ ಜೊತೆಗೆ ಹತ್ತಿ. ಪ್ರಾರ್ಥನೆ ದಾರಿಯಲ್ಲೇ ಮಾಡಬಹುದು.